‘ಸೂಜಿ ಬ್ಯಾಡ್ರಿ’ ಅಂದ ಮನೆಗೆ ಮತ್ತೆ ಹೋಗುವ ಮುನ್ನ

ಕೊಪ್ಪಳ, ರಾಯಚೂರು ಕಡೆಯ ಹಳ್ಳಿಗಳಲ್ಲಿ ಲಸಿಕೆ ತಪ್ಪಿದ ಮಕ್ಕಳ ಪಟ್ಟಿ ಕೈಗೆ ಬಂದಾಗ ‘ನಿರಾಕರಣೆ’ ಎಂಬ ಕಾಲಂ ನೋಡಿ ಕಂಗೆಡಬೇಡಿ. ಆ ಒಂದು ಪದದ ಕೆಳಗೆ ನಾಲ್ಕಾರು ಬೇರೆ ಬೇರೆ ಸಂಗತಿಗಳಿರುತ್ತವೆ. ಕಳೆದ ಸಲ ಕೂಸಿಗೆ ಜ್ವರ ಬಂದಿತ್ತು. ಲಸಿಕೆಯ ದಿನ ಕುಳಿತರೆ ನಾಟಿಯ ಕೂಲಿ ತಪ್ಪುತ್ತದೆ. ತಾಯಿ ಕಾರ್ಡ್ ಬೆಂಗಳೂರಿನ ಶೆಡ್ಡಿನಲ್ಲೇ ಉಳಿದಿದೆ, ಹಾಗೇ ಹೋದರೆ ಸಿಸ್ಟರ್ ಬೈಯುತ್ತಾರೆಂಬ ಅಳುಕು. ಅತ್ತೆ ಒಪ್ಪುವುದಿಲ್ಲ. ಇವರೆಲ್ಲರಿಗೂ ಒಂದೇ ಭಾಷಣ ಬಿಗಿದರೆ ಬಾಯಿ ನೋವಷ್ಟೇ ಲಾಭ.

ಹಾಗಾಗಿ ಮೊದಲು ಕಾರಣವನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ‘ಒಪ್ಪಲಿಲ್ಲ’ ಎಂದಲ್ಲ, “ಹಿಂದಿನ ಸರ್ತಿ ತೊಡಿ ಬಾತು ಎರಡ್ ದಿನ ಅತ್ತಾಳ್ರಿ” ಎಂದು. ಮುಂದಿನ ಸಲ ಹೋದಾಗ ಮಾತು ಆ ತೊಡೆಯಿಂದಲೇ ಶುರುವಾಗಬೇಕು.

ಹೋಗುವ ಹೊತ್ತೂ ಮುಖ್ಯ. ಸಿಂಧನೂರು, ಗಂಗಾವತಿ ಸುತ್ತ ನಾಟಿ ನಡೆದಿರುವಾಗ ಹೆಣ್ಣುಮಕ್ಕಳು ಬೆಳಿಗ್ಗೆಯೇ ಟಂಟಂ ಹತ್ತಿ ಹೋಗಿರುತ್ತಾರೆ. ಹನ್ನೊಂದಕ್ಕೆ ಹೋದರೆ ಸಿಗುವುದು ಬೀಗ, ಇಲ್ಲವೇ ಅಜ್ಜಿ. ಸಂಜೆ ರೊಟ್ಟಿ ಬಡಿಯುವ ಹೊತ್ತಿಗೆ ಹೋಗಿ. ಜೀಪು, ನಾಲ್ಕು ಜನ, ದಪ್ಪ ರಿಜಿಸ್ಟರು ಬೇಡ. ಆಶಾ ಅಕ್ಕ ಮತ್ತು ಅದೇ ಓಣಿಯ ಒಬ್ಬಾಕೆ ಸಾಕು. ಅತ್ತೆಯನ್ನು ಮೊದಲು ಮಾತಾಡಿಸಿ. ಗಂಡ ಗುಳೆ ಹೋಗಿದ್ದರೆ ಅಲ್ಲಿಂದಲೇ ಫೋನ್ ಹಚ್ಚಿಸಿ. ರೇಷನ್ ನಿಲ್ಲುತ್ತದೆಂದು ಮಾತ್ರ ಹೆದರಿಸಬೇಡಿ. ಆ ಡೋಸು ಆದೀತು, ಮುಂದಿನ ಡೋಸಿಗೆ ಕದ ತೆಗೆಯುವುದಿಲ್ಲ.

ಪೋಲಿಯೊ ಹನಿ ಹಾಕಿಸಿದರೆ ಮುಂದೆ ಮಕ್ಕಳಾಗುವುದಿಲ್ಲ ಎಂಬ ಹಳೆಯ ಗಾಳಿಸುದ್ದಿ ಎದುರಾದರೆ ವಾದಕ್ಕಿಳಿಯಬೇಡಿ. ದೇಶದಲ್ಲಿ ಪಲ್ಸ್ ಪೋಲಿಯೊ ಶುರುವಾದದ್ದು 1995ರಲ್ಲಿ. ಅಂದು ಹನಿ ಕುಡಿದ ಕೂಸುಗಳೇ ಇಂದು ಕಂಕುಳಲ್ಲಿ ಕೂಸು ಹೊತ್ತು ಸಾಲಿನಲ್ಲಿ ನಿಂತಿವೆ. ಅವರತ್ತ ಕೈ ತೋರಿಸಿ.

ಹೆಚ್ಚು ಹೊತ್ತು ಕೂತು ಮಾತಾಡಬೇಕಾದದ್ದು ಜ್ವರದ ಬಗ್ಗೆ. ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಿಗೆ ಕೊಡುವ, ಐದು ರೋಗ ತಡೆಯುವ ಪೆಂಟಾ ಸೂಜಿಯ ಜ್ವರ ಸಾಮಾನ್ಯವಾಗಿ ಅದೇ ದಿನ ಬಂದು ಒಂದೆರಡು ದಿನದಲ್ಲಿ ಇಳಿಯುತ್ತದೆ. ಎದೆಹಾಲು ನಿಲ್ಲಿಸಬಾರದು. ಬಾತ ತೊಡೆಗೆ ತಣ್ಣೀರಲ್ಲಿ ಅದ್ದಿದ ಬಟ್ಟೆ ಇಡಬೇಕು. ಅರಿಶಿನ, ಸುಣ್ಣ, ಬಿಸಿ ಕಾವು ಬೇಡ. ಪ್ಯಾರಾಸಿಟಮಾಲ್ ಪ್ರಮಾಣ ಕೂಸಿನ ತೂಕದ ಪ್ರತಿ ಕಿಲೋಗೆ 10ರಿಂದ 15 ಮಿಲಿಗ್ರಾಂ, ಅಂದರೆ 5 ಕಿಲೋ ಕೂಸಿಗೆ ಒಂದು ಸಲಕ್ಕೆ 50ರಿಂದ 75. ಎಡವಟ್ಟಾಗುವುದು ಬಾಟಲಿಯಲ್ಲಿ. ಡ್ರಾಪ್ಸ್ ಬಾಟಲಿಯಲ್ಲಿ ಸಾಮಾನ್ಯವಾಗಿ 1 ಮಿಲಿಗೇ 100 ಮಿಲಿಗ್ರಾಂ ಇರುತ್ತದೆ, ಸಿರಪ್‌ನಲ್ಲಿ 5 ಮಿಲಿಗೆ 125 ಅಥವಾ 250. ಸಿರಪ್ ಎಂದುಕೊಂಡು ಡ್ರಾಪ್ಸನ್ನು 5 ಮಿಲಿ ಚಮಚೆಯಲ್ಲಿ ಕುಡಿಸಿದರೆ 500 ಮಿಲಿಗ್ರಾಂ ಒಳಗೆ ಹೋಯಿತು. ಆದ್ದರಿಂದ ಎಷ್ಟು ಕೊಡಬೇಕೆಂದು ಸಿಸ್ಟರ್ ಕೈಯಲ್ಲೇ ಹೇಳಿಸಿ, ಅಳತೆಯ ಗೆರೆಯ ಮೇಲೆ ಪೆನ್ನಿನಿಂದ ಗುರುತು ಹಾಕಿಸಿ. ಮೂರು ತಾಸಿಗೂ ಮೀರಿ ಬಿಡದೆ ಅತ್ತರೆ, ಫಿಟ್ಸ್ ಬಂದರೆ, ಹಾಲು ಕುಡಿಯದಿದ್ದರೆ ಕಾಯದೆ 108ಕ್ಕೆ ಫೋನ್ ಮಾಡಬೇಕು.

ದಡಾರ-ರುಬೆಲ್ಲಾದ ಎಂಆರ್ ಲಸಿಕೆಯ ಕತೆ ಬೇರೆ. ಇದರ ಜ್ವರ ಅಂದೇ ಬರುವುದಿಲ್ಲ. ಕೆಲವು ಮಕ್ಕಳಿಗೆ ಸುಮಾರು 7ರಿಂದ 12 ದಿನ ಕಳೆದ ಮೇಲೆ ಸಣ್ಣ ಜ್ವರ ಬಂದು ಮೈಮೇಲೆ ತೆಳು ದದ್ದು ಏಳುತ್ತದೆ. ಅಷ್ಟೊತ್ತಿಗೆ ಆಶಾ ಮುಂದಿನ ಓಣಿಗೆ ಹೋಗಿರುತ್ತಾರೆ, ಮನೆಯವರು ‘ಸೂಜಿ ಮಾಡ್ಸಿದ್ಕ ಅಮ್ಮ ಬಂದ್ಲು’ ಎಂದು ತೀರ್ಮಾನಿಸಿರುತ್ತಾರೆ. ಒಂಬತ್ತು ತಿಂಗಳ ಸೂಜಿ ಕೊಡುವಾಗಲೇ “ಮುಂದಿನ ವಾರ ಹಿಂಗಾಗಬಹುದು, ತಾನ ಹೋಗತೈತಿ” ಎಂದು ಹೇಳಿ, ಒಂಬತ್ತನೇ ದಿನ ಒಮ್ಮೆ ಇಣುಕಿ ಬನ್ನಿ.

ಇನ್ನು ‘ಅಮ್ಮ’. ಸಿಡುಬು ಜಗತ್ತಿನಿಂದಲೇ ಹೋಯಿತೆಂದು 1980ರಲ್ಲಿ ಘೋಷಣೆಯಾದರೂ ಹೆಸರು ದಡಾರಕ್ಕೂ ಚಿಕನ್‌ಪಾಕ್ಸ್‌ಗೂ ಉಳಿದುಕೊಂಡಿದೆ. ಬರೀ ‘ಅಮ್ಮ ಬಂದಾಳ’ ಎಂದರೆ ಸಾಲದು, ಕೇಳಬೇಕು: ಮೊದಲು ಜ್ವರ, ಕೆಮ್ಮು, ನೆಗಡಿ, ಕೆಂಪು ಕಣ್ಣು ಇತ್ತೇ? ಆಮೇಲೆ ಕಿವಿಯ ಹಿಂದೆ, ಮುಖದ ಮೇಲೆ ಕೆಂಪು ದದ್ದು ಎದ್ದು ಕೆಳಗಿಳಿಯಿತೇ? ಹಾಗಿದ್ದರೆ ದಡಾರದ ಅನುಮಾನ. ನೀರು ತುಂಬಿದ ಗುಳ್ಳೆ ಬಿಟ್ಟು ಬಿಟ್ಟು ಏಳುತ್ತಿದ್ದರೆ ಚಿಕನ್‌ಪಾಕ್ಸ್. ದಡಾರವೆನಿಸಿದರೆ ಅಂದೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ (ಪಿಎಚ್‌ಸಿ) ತಿಳಿಸಿ. ರಕ್ತದ ಮಾದರಿ ತೆಗೆಯುತ್ತಾರೆ, ವಿಟಮಿನ್ ಎ ಸತತ ಎರಡು ದಿನ ಕೊಡುತ್ತಾರೆ. ಕಣ್ಣು ಕಾಯುವುದು ಅದೇ.

ಬಾಗಿಲಿಗೆ ಬೇವಿನ ತಪ್ಪಲು ಕಟ್ಟಿದ್ದನ್ನು ನೋಡಿ ನಗುವವರನ್ನು ಜೊತೆಗೆ ಕರೆದೊಯ್ಯಬೇಡಿ. ಹೊರಗಿನವರು ಬರಬಾರದೆಂಬ ಆ ಕಟ್ಟಳೆ ನಮಗೆ ಬೇಕಾದದ್ದೇ. ದದ್ದು ಏಳುವ ನಾಲ್ಕು ದಿನ ಮುಂಚಿನಿಂದ ಎದ್ದ ನಾಲ್ಕು ದಿನದವರೆಗೆ ದಡಾರ ಹರಡುತ್ತದೆ. ಲಸಿಕೆಯಿಲ್ಲದ ಊರಲ್ಲಿ ಒಂದು ಕೂಸಿನಿಂದ 12ರಿಂದ 18 ಮಂದಿಗೆ. ಕಟ್ಟಳೆ ಮುರಿಯುವುದು ‘ನೋಡಿ ಬರೋಣ’ ಎಂದು ಮಕ್ಕಳನ್ನು ಕಟ್ಟಿಕೊಂಡು ಬರುವ ಬೀಗರಿಂದ. “ಬೇವು ಇರಲವ್ವ, ನೆಂಟರಿಗೆ ಮಾತ್ರ ಈಗ ಬರಬ್ಯಾಡ ಅನ್ರಿ” ಎಂದರೆ ಒಪ್ಪುತ್ತಾರೆ. ಅಕ್ಕಪಕ್ಕದ ಮನೆಗಳಲ್ಲಿ ಎಂಆರ್ ಆಗದ ಮಕ್ಕಳನ್ನು ಅದೇ ದಿನ ಪಟ್ಟಿ ಮಾಡಿ. ಸೋಂಕು ತಗುಲಿ 72 ಗಂಟೆಯೊಳಗೆ ಲಸಿಕೆ ಬಿದ್ದರೆ ರೋಗ ತಡೆಯುವ ಸಾಧ್ಯತೆ ಇದೆ.

ಬಿಸಿಲ ಊರಿನಲ್ಲಿ ಲಸಿಕೆಯ ಡಬ್ಬಿಯ ಮೇಲೂ ಕಣ್ಣಿರಲಿ. ಬೇಕಾದದ್ದು 2ರಿಂದ 8 ಡಿಗ್ರಿ. ಬಿಸಿಲಿಗೆ ಹೆದರಿ ಫ್ರೀಜರಿನಿಂದ ತೆಗೆದ ಐಸ್ ಪ್ಯಾಕನ್ನು ನೇರ ಇಟ್ಟರೆ ಪೆಂಟಾ ಹೆಪ್ಪುಗಟ್ಟಿ ಕೆಡುತ್ತದೆ. ನಾಲ್ಕು ಪ್ಯಾಕುಗಳನ್ನೂ ಹೊರಗಿಟ್ಟು, ಮೇಲಿನ ಹನಿ ಒರೆಸಿ, ಒಂದೊಂದನ್ನೂ ಕಿವಿಗೆ ಹಿಡಿದು ಅಲುಗಾಡಿಸಬೇಕು. ಒಳಗೆ ನೀರಿನ ಸಪ್ಪಳ ಕೇಳಿದ ಮೇಲೆಯೇ ಡಬ್ಬಿಗೆ. ಲಸಿಕೆಗೆ ಬಿಸಿ ತಾಗಿದ್ದನ್ನು ತೋರಿಸಲು ಬಾಟಲಿಯ ಮೇಲಿರುವ ಗುರುತಿನಲ್ಲಿ ಒಳಗಿನ ಚೌಕ ಸುತ್ತಲಿನ ವೃತ್ತಕ್ಕಿಂತ ತಿಳಿಯಾಗಿರಬೇಕು. ಎರಡೂ ಒಂದೇ ಬಣ್ಣವಾದರೆ ಪಕ್ಕಕ್ಕಿಡಿ. ಎಂಆರ್ ಪುಡಿಗೆ ಅದರದೇ ದ್ರಾವಣ ಬೆರೆಸಿದ ಹೊತ್ತನ್ನು ಬಾಟಲಿಯ ಮೇಲೆ ಬರೆಯಬೇಕು. ನಾಲ್ಕು ಗಂಟೆ ಮೀರಿದ್ದನ್ನು ಬಳಸಿದರೆ ಅದರಲ್ಲಿ ಬೆಳೆದ ಬ್ಯಾಕ್ಟೀರಿಯಾದಿಂದ ಕೂಸಿನ ಜೀವಕ್ಕೇ ಸಂಚಕಾರ. ‘ಒಂದೇ ಡೋಸ್ ಉಳಿದಿದೆ’ ಎಂಬ ಆಸೆ ಬೇಡ. ಸೂಜಿಯಾದ ಮೇಲೆ ಅರ್ಧ ಗಂಟೆ ಎಲ್ಲರೂ ಅಲ್ಲೇ ಕೂರಬೇಕು, ನೆರಳು ನೀರಿನ ವ್ಯವಸ್ಥೆ ಪಂಚಾಯ್ತಿಯದು.

ಗುಳೆ ಹೊರಡುವ ಮುನ್ನ ತಾಯಿ ಕಾರ್ಡಿನ ಎರಡೂ ಬದಿಯ ಫೋಟೋ ಗಂಡ-ಹೆಂಡತಿ ಇಬ್ಬರ ಫೋನಿಗೂ ಹಾಕಿಸಿ, ಲಸಿಕೆಯ ಲೆಕ್ಕ ಇಡುವ ಸರ್ಕಾರದ ಆನ್‌ಲೈನ್ ವ್ಯವಸ್ಥೆ ಯು-ವಿನ್‌ನಲ್ಲಿ ನಂಬರ್ ಸೇರಿಸಿ. ಹೋದ ಊರಿನ ಸರ್ಕಾರಿ ಕೇಂದ್ರದಲ್ಲೂ ಲಸಿಕೆ ಪುಕ್ಕಟೆ ಸಿಗುತ್ತದೆ. ತಡವಾಗಿ ಮರಳಿದವರಿಗೆ ಮೊದಲಿಂದ ಶುರುಮಾಡಬೇಕಿಲ್ಲ. ಕೂಸಿಗೆ ವರ್ಷ ತುಂಬುವುದರೊಳಗೆ ಪೆಂಟಾ ಒಂದಾದರೂ ಆಗಿದ್ದರೆ ಉಳಿದವನ್ನು ನಾಲ್ಕು ವಾರದ ಅಂತರದಲ್ಲಿ ಮುಗಿಸಬಹುದು. ಎಂಆರ್ ತಪ್ಪಿದ್ದರೆ ಐದು ವರ್ಷ ತುಂಬುವವರೆಗೂ ಕೊಡುತ್ತಾರೆ. ಕಾರ್ಡೇ ಇಲ್ಲವೆಂದು ಕೂಸನ್ನು ವಾಪಸ್ ಕಳಿಸಬೇಡಿ. ಹೊಸ ಕಾರ್ಡ್ ಬರೆದು ಅಂದೇ ಸೂಜಿ ಮಾಡಿಸಿ.