ಊಟಿ: ಬೋಟ್‌ಹೌಸ್ ಬಿಟ್ಟು ಮಂದುಗಳ ಕಡೆಗೆ

ಮೈಸೂರಿನಿಂದ ಕಾರಿನಲ್ಲಿ ಊಟಿಗೆ ಹೊರಟರೆ ನಾನು ಮೊದಲು ಲೆಕ್ಕ ಹಾಕುವುದು ಬಂಡೀಪುರದ ಗೇಟನ್ನು. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಕಾಡಿನ ರಸ್ತೆ ಬಂದ್. ನಾಲ್ಕೂವರೆಗೆ ಮೈಸೂರು ಬಿಟ್ಟರೆ ಗುಂಡ್ಲುಪೇಟೆ ದಾಟಿ ಗೇಟು ತೆರೆಯುವ ಹೊತ್ತಿಗೆ ಅಲ್ಲಿರಬಹುದು. ವಾಪಸು ಬರುವ ದಿನ ಸಂಜೆ ನಾಲ್ಕರೊಳಗೆ ಊಟಿ ಬಿಡುತ್ತೇನೆ. ಗೂಡಲೂರಿನ ಘಾಟಿಯಲ್ಲಿ ಮಂಜು ಕವಿದರೆ ಒಂದು ಗಂಟೆ ಹೆಚ್ಚೇ ಹೋಗುತ್ತದೆ.

2024ರ ಮೇ 7ರಿಂದ ನೀಲಗಿರಿ ಜಿಲ್ಲೆಗೆ ಬರುವ ಹೊರಗಿನ ವಾಹನಗಳಿಗೆ ಇ-ಪಾಸ್ ಬೇಕು. ಹಿಂದಿನ ದಿನವೇ ಮಾಡಿಸಿ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಕಾಡಿನಲ್ಲಿ ನೆಟ್‌ವರ್ಕ್ ನಂಬುವಂತಿಲ್ಲ. 2025ರ ಏಪ್ರಿಲ್‌ನಿಂದ ಜೂನ್‌ವರೆಗೆ ದಿನಕ್ಕೆ 6,000, ಶನಿವಾರ-ಭಾನುವಾರ 8,000 ವಾಹನಗಳೆಂದು ಮದ್ರಾಸ್ ಹೈಕೋರ್ಟ್ ಮಿತಿ ಹಾಕಿತ್ತು. ಬೇಸಿಗೆ ರಜೆಯಲ್ಲಿ ಹೋಗುವವರು ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ದಿನ ಗೊತ್ತುಮಾಡಬೇಕು. ಬಸ್ಸಿನಲ್ಲಿ ಹೋದರೆ ಈ ತಲೆನೋವಿಲ್ಲ. ಪ್ಲಾಸ್ಟಿಕ್ ನೀರಿನ ಬಾಟಲಿಗೆ ಜಿಲ್ಲೆಯಲ್ಲಿ ನಿಷೇಧವಿದೆ, ಸ್ಟೀಲ್ ಬಾಟಲಿ ಒಯ್ಯಿರಿ.

ಮಸಿನಗುಡಿಯಿಂದ ಹತ್ತುವ ಕಲ್ಲಟ್ಟಿ ಘಾಟಿ ಹತ್ತಿರದ ದಾರಿ, 36 ಹೇರ್‌ಪಿನ್ ತಿರುವು. ಹತ್ತುವಾಗ ಒಂದು, ಎರಡನೇ ಗೇರಿನಲ್ಲೇ ಇರಬೇಕು, ಎಸಿ ಆಫ್ ಮಾಡಬೇಕು. ಇಳಿಯಲು ಮಾತ್ರ ಆ ದಾರಿ ಬೇಡ. ಕಡಿದಾದ ಇಳಿಜಾರಿನಲ್ಲಿ ಕಾಲು ಬ್ರೇಕಿನ ಮೇಲೇ ಇದ್ದರೆ ಪ್ಯಾಡ್ ಕಾಯುತ್ತದೆ, ಬ್ರೇಕ್ ಎಣ್ಣೆ ಕುದಿಯುತ್ತದೆ, ಪೆಡಲ್ ಮೆತ್ತಗಾಗಿ ನೆಲ ಮುಟ್ಟುತ್ತದೆ. ಅಲ್ಲಿನ ಅಪಘಾತಗಳಿಗೆ ಬಹುಪಾಲು ಇದೇ ಕಾರಣ. ಹೊರಗಿನ ವಾಹನಗಳನ್ನು ಆ ಕಡೆಯಿಂದ ಇಳಿಯಲು ಬಿಡದಿರುವುದೂ ಇದಕ್ಕೇ. ಗೂಡಲೂರು ದಾರಿ ಉದ್ದ, ಆದರೆ ಅಲ್ಲೂ ಎರಡನೇ ಗೇರಿನಲ್ಲೇ ಇಳಿಯಿರಿ.

ಇನ್ನು ಊರು. ಕೆರೆ, ಬೋಟು, ಚಾಕಲೇಟ್ ಅಂಗಡಿಗಳಿಗೆ ಅರ್ಧ ದಿನ ಧಾರಾಳ. ಸಸ್ಯೋದ್ಯಾನಕ್ಕೆ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋದರೆ ಅದರ ಮೇಲ್ಭಾಗದಲ್ಲೇ ಎಮ್ಮೆ ಸಾಕುವ ಬುಡಕಟ್ಟಾದ ತೋಡರ ಒಂದು ಮಂದು ಸಿಗುತ್ತದೆ. ಮಂದು ಎಂದರೆ ಅವರ ಪುಟ್ಟ ಊರು. ಅರ್ಧ ಪೀಪಾಯಿ ಕವುಚಿಟ್ಟಂತಹ ಬಿದಿರು-ಹುಲ್ಲಿನ ಗುಡಿ, ತೆವಳಿಕೊಂಡೇ ನುಗ್ಗಬೇಕಾದಷ್ಟು ಚಿಕ್ಕ ಬಾಗಿಲು. ಒಳಗೆ ಹೋಗುವುದು ಪೂಜಾರಿ ಮಾತ್ರ. ಸುತ್ತಲಿನ ಕಲ್ಲುಗೋಡೆ ದಾಟಬಾರದು, ಗೋಡೆ ಹತ್ತಿ ಫೋಟೋ ತೆಗೆಯುವುದಂತೂ ಬೇಡವೇ ಬೇಡ. ಮೊದಲು ಸಿಕ್ಕವರಿಗೆ ನಮಸ್ಕಾರ ಹೇಳಿ, ‘ನೋಡಬಹುದಾ’ ಎಂದು ಕೇಳಿ, ಆಮೇಲೆ ಕ್ಯಾಮೆರಾ. ಎಮ್ಮೆಗಳ ಹತ್ತಿರ ಸುಳಿಯಬೇಡಿ. ಅವು ಬಯಲಲ್ಲೇ ಮೇದು ಬೆಳೆದವು, ಕೊಂಬು ಅಗಲ, ಅಪರಿಚಿತರನ್ನು ಕಂಡರೆ ನುಗ್ಗುತ್ತವೆ.

ಕೊಳ್ಳುವುದಾದರೆ ತೋಡರ ಕಸೂತಿ ಕೊಳ್ಳಿ. ಬಿಳಿ ಹತ್ತಿಬಟ್ಟೆಯ ಮೇಲೆ ಕೆಂಪು, ಕಪ್ಪು ನೂಲು. ಮೊದಲು ಗೆರೆ ಎಳೆದುಕೊಳ್ಳದೆ ಎಳೆ ಎಣಿಸಿ ಹಾಕುವ ಕೆಲಸ ಅದು, 2013ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ. ಅಸಲಿಯನ್ನು ಗುರುತಿಸಲು ಬಟ್ಟೆ ತಿರುಗಿಸಿ ನೋಡಿ: ಹಿಂಬದಿಯೂ ಮುಂಬದಿಯಷ್ಟೇ ಅಚ್ಚುಕಟ್ಟಾಗಿರುತ್ತದೆ. ಮೆಷಿನ್ ಹೊಲಿಗೆಯಾದರೆ ಹಿಂದೆ ನೂಲಿನ ಗೋಜಲು, ಪ್ರಿಂಟಾದರೆ ಮಂಕು ಬಣ್ಣ. ಒಂದು ಶಾಲಿಗೆ ವಾರಗಟ್ಟಲೆ ಕೈ ನೋಯಿಸಿಕೊಂಡಿರುತ್ತಾರೆ, ಚೌಕಾಸಿ ಮಾಡಿದರೆ ಚೆನ್ನಾಗಿರುವುದಿಲ್ಲ.

ತೋಡ, ಕೋತ, ಕುರುಂಬ, ಇರುಳ, ಪಣಿಯ ಸಮುದಾಯಗಳ ವ್ಯತ್ಯಾಸ ತಿಳಿಯದೆ ಸುತ್ತಿದರೆ ಎಲ್ಲವೂ ‘ಟ್ರೈಬಲ್’ ಆಗಿಬಿಡುತ್ತದೆ. ಅದಕ್ಕೇ ಎಂ. ಪಾಲಾಡದ ಬುಡಕಟ್ಟು ಸಂಶೋಧನಾ ಕೇಂದ್ರದ ವಸ್ತುಸಂಗ್ರಹಾಲಯವನ್ನು ಮೊದಲ ದಿನವೇ ನೋಡಿಕೊಳ್ಳುತ್ತೇನೆ. ಊಟಿಯಿಂದ ಸುಮಾರು 10 ಕಿ.ಮೀ. ಸರ್ಕಾರಿ ಜಾಗವಾದ್ದರಿಂದ ಕೆಲಸದ ದಿನ, ಕಚೇರಿ ವೇಳೆಯಲ್ಲೇ ಹೋಗಬೇಕು.

ನೀಲಗಿರಿಯ ಇನ್ನೊಂದು ಸಮುದಾಯವಾದ ಬಡಗರು ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿಲ್ಲ, ಆದರೆ ಮಾತಿನಲ್ಲಿ ನಮಗೆ ಅಲ್ಲಿ ಹೆಚ್ಚು ಹತ್ತಿರದವರು ಅವರೇ. ಊರಿಗೆ ‘ಹಟ್ಟಿ’ ಎನ್ನುತ್ತಾರೆ. 2,637 ಮೀಟರಿನ ಶಿಖರದ ಹೆಸರೇ ದೊಡ್ಡಬೆಟ್ಟ! ನಿಧಾನವಾಗಿ ಕನ್ನಡದಲ್ಲೇ ಮಾತಾಡಿ ನೋಡಿ, ಅರ್ಧಕ್ಕರ್ಧ ಎರಡೂ ಕಡೆ ತಿಳಿಯುತ್ತದೆ. ತರಕಾರಿ ಹೊಲಗಳ ದಾರಿ ಕೇಳಲು, ಟೀ ಕುಡಿಯಲು ಇಷ್ಟು ಸಾಕು.

ಡಿಸೆಂಬರ್-ಜನವರಿಯಲ್ಲಿ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟುತ್ತದೆ, ಉಣ್ಣೆ ಟೋಪಿ ಮರೆಯಬೇಡಿ. ಅಕ್ಟೋಬರ್-ನವೆಂಬರ್‌ನಲ್ಲಿ ಕೂನೂರು, ಕೋತಗಿರಿ ಕಡೆ ಹಿಂಗಾರು ಸುರಿದು ಗುಡ್ಡ ಜರುಗುವುದುಂಟು, ಆಗ ಮೆಟ್ಟುಪಾಳಯಂನಿಂದ ಊಟಿಗೆ ಹತ್ತುವ ಬೆಟ್ಟದ ರೈಲೂ ನಿಲ್ಲುತ್ತದೆ. ಎಂಜಿನ್‌ನ ಹಲ್ಲುಚಕ್ರ ಕಚ್ಚಿಕೊಂಡು ಹತ್ತುವ ಹಲ್ಲುಹಳಿಯ ಭಾಗ ಕೂನೂರಿನ ಕೆಳಗೆ, ಕಲ್ಲಾರಿನವರೆಗೆ ಮಾತ್ರ. ಊಟಿ-ಕೂನೂರು ನಡುವೆ ಹತ್ತಿದರೆ ನೋಟವಷ್ಟೇ ಸಿಗುತ್ತದೆ, ಹಲ್ಲುಹಳಿ ಸಿಗುವುದಿಲ್ಲ.