ಒಂದೇ ಪ್ರಶ್ನೆ, ಮೂರು ಉತ್ತರ: ಸರ್ವೆ ಡೇಟಾ ಇಟ್ಟುಕೊಂಡು ಉದ್ಯೋಗ ಸಂಬಂಧ ಕಲಿಸುವುದು ಹೇಗೆ?

ಉದ್ಯೋಗ ಸಂಬಂಧವನ್ನು, ಅಂದರೆ ಆಡಳಿತ ಮತ್ತು ನೌಕರರ ನಡುವಿನ ಸಂಬಂಧವನ್ನು, ಬರೀ ವ್ಯಾಖ್ಯೆಗಳಿಂದ ಕಲಿಸಿದರೆ ವಿದ್ಯಾರ್ಥಿಗಳು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆ ಮುಗಿದ ಮರುದಿನ ಮರೆಯುತ್ತಾರೆ. ಸಂಬಂಧ ಅಂದಮೇಲೆ ಎರಡು ಕಡೆ ಇದ್ದೇ ಇರುತ್ತವೆ, ಅಲ್ವಾ? ಆ ಎರಡೂ ಕಡೆಯವರ ಮಾತು ಒಟ್ಟಿಗೆ ಸಿಗುವುದು ಕೆಲಸದ ಸ್ಥಳಗಳ ಸಮೀಕ್ಷೆಗಳಲ್ಲಿ. ಪಾಠಕ್ಕೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ನನಗೆ ಕಂಡಿಲ್ಲ.

ಇಂಥ ಸಮೀಕ್ಷೆಗಳಲ್ಲಿ ಹೆಸರಾದದ್ದು ಬ್ರಿಟನ್ನಿನ 'ವರ್ಕ್‌ಪ್ಲೇಸ್ ಎಂಪ್ಲಾಯ್‌ಮೆಂಟ್ ರಿಲೇಷನ್ಸ್ ಸ್ಟಡಿ', ಚಿಕ್ಕದಾಗಿ 'ವರ್ಸ್'. 1980, 1984, 1990, 1998, 2004 ಮತ್ತು 2011ರಲ್ಲಿ, ಒಟ್ಟು ಆರು ಸಲ ನಡೆದಿದೆ. 2011ರ ಸುತ್ತಿನಲ್ಲಿ 2,680 ಕೆಲಸದ ಸ್ಥಳಗಳ ಮ್ಯಾನೇಜರ್‌ಗಳನ್ನು ಮಾತಾಡಿಸಿದರು. ಸುಮಾರು 1,000 ನೌಕರ ಪ್ರತಿನಿಧಿಗಳು ಉತ್ತರ ಕೊಟ್ಟರು. ಹತ್ತಿರ ಹತ್ತಿರ 22,000 ನೌಕರರು ಪ್ರಶ್ನಾವಳಿ ತುಂಬಿದರು. ಯಾವ ನೌಕರರು ಯಾವ ಮ್ಯಾನೇಜರ್ ಇರುವ ಜಾಗದವರು ಎಂದು ಜೋಡಿಸಿ ನೋಡಬಹುದು. ಅದೇ ಇದರ ದೊಡ್ಡ ಗುಣ.

ಮೊದಲು ಪ್ರಶ್ನಾವಳಿ, ಆಮೇಲೆ ಅಂಕಿ

ತರಗತಿಗೆ ನೇರವಾಗಿ ಕೋಷ್ಟಕ ತೆಗೆದುಕೊಂಡು ಹೋಗಬೇಡಿ. ಮೊದಲ ದಿನ ನೌಕರರ ಪ್ರಶ್ನಾವಳಿಯ ಒಂದೆರಡು ಪುಟ ಹಂಚಿ. ಅದರಲ್ಲಿ ಎಷ್ಟು ನೇರವಾದ ಮಾತುಗಳಿವೆ ನೋಡಿ: ಇಲ್ಲಿನ ಮ್ಯಾನೇಜರ್‌ಗಳು ಕೊಟ್ಟ ಮಾತು ಉಳಿಸಿಕೊಳ್ಳುತ್ತಾರಾ? ನ್ಯಾಯವಾಗಿ ನಡೆಸಿಕೊಳ್ಳುತ್ತಾರಾ? ಕೆಲಸದ ಆಚೆಗೂ ನಮಗೆ ಜವಾಬ್ದಾರಿ ಇರುತ್ತದೆ ಎಂದು ಅರ್ಥ ಮಾಡಿಕೊಳ್ಳುತ್ತಾರಾ? ಎಲ್ಲಾದರೂ ಪಾರ್ಟ್‌ಟೈಮ್ ದುಡಿದ ವಿದ್ಯಾರ್ಥಿಗಳು ತಮ್ಮ ಅನುಭವದಿಂದ ಉತ್ತರಿಸಲಿ. ದುಡಿಯದವರು ಮ್ಯಾನೇಜರ್ ಜಾಗದಲ್ಲಿ ನಿಂತು ಉತ್ತರಿಸಲಿ. ಉತ್ತರಗಳನ್ನು ಬೋರ್ಡಿನ ಮೇಲೆ ಎರಡು ಸಾಲಾಗಿ ಬರೆಯಿರಿ. ಚರ್ಚೆ ತಾನಾಗಿಯೇ ಶುರುವಾಗುತ್ತದೆ.

ಒಂದೇ ಪ್ರಶ್ನೆ ಹಿಡಿಯಿರಿ

ಫೈಲಿನಲ್ಲಿ ನೂರಾರು ಪ್ರಶ್ನೆಗಳಿವೆ. ಎಲ್ಲ ಕೊಟ್ಟರೆ ವಿದ್ಯಾರ್ಥಿಗಳು ಕಂಗಾಲಾಗುತ್ತಾರೆ. ಒಂದೇ ಒಂದನ್ನು ಆರಿಸಿ. 'ಇಲ್ಲಿ ಆಡಳಿತ ಮತ್ತು ನೌಕರರ ಸಂಬಂಧ ಹೇಗಿದೆ?' ಎಂಬ ಪ್ರಶ್ನೆಯನ್ನು ನಾನಂತೂ ಬಿಡುವುದಿಲ್ಲ. ಇದನ್ನು ಮ್ಯಾನೇಜರ್‌ಗೂ ಕೇಳಿದ್ದಾರೆ, ಪ್ರತಿನಿಧಿಗೂ ಕೇಳಿದ್ದಾರೆ, ನೌಕರರಿಗೂ ಕೇಳಿದ್ದಾರೆ. 'ಬಹಳ ಚೆನ್ನಾಗಿದೆ'ಯಿಂದ 'ಬಹಳ ಕೆಟ್ಟದಾಗಿದೆ'ವರೆಗೆ ಐದು ಆಯ್ಕೆ.

ಉತ್ತರ ತೋರಿಸುವ ಮುಂಚೆ ಊಹೆ ಮಾಡಿಸಿ. ಯಾರು ಜಾಸ್ತಿ 'ಚೆನ್ನಾಗಿದೆ' ಅಂದಿರಬಹುದು? ಯಾಕೆ? ಪ್ರತಿಯೊಬ್ಬರೂ ಚೀಟಿಯಲ್ಲಿ ಕಾರಣ ಬರೆದಿಡಲಿ. ಆಮೇಲೆ ಕೋಷ್ಟಕ ತೆರೆಯಿರಿ. ಮ್ಯಾನೇಜರ್‌ಗಳ ಚಿತ್ರ ನೌಕರರ ಚಿತ್ರಕ್ಕಿಂತ ಎಷ್ಟೋ ಹಸನಾಗಿರುತ್ತದೆ.

ಸಿದ್ಧಾಂತ ಹೇಳುವುದಕ್ಕೆ ಇದೇ ಸರಿಯಾದ ಹೊತ್ತು. ಸಂಸ್ಥೆಯಲ್ಲಿ ಎಲ್ಲರ ಹಿತವೂ ಒಂದೇ ಎಂದು ನೋಡುವುದು ಒಂದು ದೃಷ್ಟಿ. ಹಿತಗಳು ಬೇರೆ ಬೇರೆ, ತಿಕ್ಕಾಟ ಸಹಜ ಎಂದು ನೋಡುವುದು ಇನ್ನೊಂದು. ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಅಲನ್ ಫಾಕ್ಸ್ 1966ರಲ್ಲೇ ಈ ಎರಡನ್ನೂ ಬಿಡಿಸಿ ಬರೆದಿದ್ದಾರೆ. ಸುಮ್ನೆ ಹೇಳಿದರೆ ಒಣ ಮಾತು. ಎರಡು ಉತ್ತರಗಳ ನಡುವಿನ ಅಂತರ ಕಣ್ಣೆದುರೇ ಇರುವಾಗ ಹೇಳಿದರೆ, ವಿದ್ಯಾರ್ಥಿಗಳು ತಾವೇ ಯಾವ ದೃಷ್ಟಿಯಿಂದ ಚೀಟಿ ಬರೆದಿದ್ದೇವೆ ಎಂದು ತಿರುಗಿ ನೋಡುತ್ತಾರೆ.

ಯಾರನ್ನು ಎಣಿಸುತ್ತಿದ್ದೀರಿ?

ಇಲ್ಲಿ ಸ್ವಲ್ಪ ನಿಧಾನ ಮಾಡಿ. ಬಹುಪಾಲು ತಪ್ಪುಗಳು ಆಗುವುದು ಇಲ್ಲೇ. ಲೆಕ್ಕಕ್ಕಾಗಿ ಕಟ್ಟಿದ ಒಂದು ಉದಾಹರಣೆ ಹೀಗಿದೆ. ಹತ್ತು ಕೆಲಸದ ಸ್ಥಳಗಳಿವೆ. ಒಂದರಲ್ಲಿ 500 ನೌಕರರು, ಅಲ್ಲಿ ಯೂನಿಯನ್ ಇದೆ. ಉಳಿದ ಒಂಬತ್ತರಲ್ಲಿ ತಲಾ 20 ಜನ, ಯೂನಿಯನ್ ಇಲ್ಲ. ಸ್ಥಳಗಳನ್ನು ಎಣಿಸಿದರೆ ಯೂನಿಯನ್ ಇರುವುದು 10% ಕಡೆ. ಜನರನ್ನು ಎಣಿಸಿದರೆ 680ರಲ್ಲಿ 500, ಅಂದರೆ ಸುಮಾರು 74% ನೌಕರರು ಯೂನಿಯನ್ ಇರುವ ಕಡೆ ದುಡಿಯುತ್ತಿದ್ದಾರೆ. ಎರಡೂ ನಿಜ. ಒಂದನ್ನೇ ಹಿಡಿದು 'ಯೂನಿಯನ್ ಮುಗಿದೇ ಹೋಯಿತು' ಅಂತಲೋ 'ಎಲ್ಲೆಲ್ಲೂ ಯೂನಿಯನ್' ಅಂತಲೋ ಬರೆದರೆ ಓದುಗರ ದಾರಿ ತಪ್ಪಿಸಿದ ಹಾಗೆ.

ವೇಯ್ಟ್, ಅಂದರೆ ಪ್ರತಿ ಉತ್ತರಕ್ಕೂ ದೇಶದಲ್ಲಿ ಅಂಥವರಿಗಿರುವ ಪಾಲಿನಷ್ಟೇ ತೂಕ ಕೊಡುವ ಸಂಖ್ಯೆ, ಯಾಕೆ ಬೇಕು ಎಂಬುದೂ ಇದರಿಂದಲೇ ಅರ್ಥವಾಗುತ್ತದೆ. ದೇಶದಲ್ಲಿ ಸಣ್ಣ ಸ್ಥಳಗಳೇ ಹೆಚ್ಚು. ಆದರೆ ವರ್ಸ್‌ನಲ್ಲಿ ದೊಡ್ಡ ಸ್ಥಳಗಳನ್ನು ಬೇಕೆಂದೇ ಅವುಗಳ ಪಾಲಿಗಿಂತ ಜಾಸ್ತಿ ಆರಿಸಿದ್ದಾರೆ. ಇಲ್ಲದಿದ್ದರೆ ಅವು ಬೆರಳೆಣಿಕೆಯಷ್ಟೇ ಸಿಗುತ್ತಿದ್ದವು. ಯೂನಿಯನ್ ಹೆಚ್ಚಾಗಿ ಇರುವುದೂ ದೊಡ್ಡ ಸ್ಥಳಗಳಲ್ಲೇ. ಹಾಗಾಗಿ ವೇಯ್ಟ್ ಹಾಕದೆ ಲೆಕ್ಕ ಮಾಡಿದರೆ ಯೂನಿಯನ್ ಇರುವ ಸ್ಥಳಗಳ ಪ್ರಮಾಣ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ವೇಯ್ಟ್ ಹಾಕಿ ಒಂದು ಸಲ, ಹಾಕದೆ ಒಂದು ಸಲ, ಎರಡೂ ಕೋಷ್ಟಕ ವಿದ್ಯಾರ್ಥಿಗಳಿಂದಲೇ ಮಾಡಿಸಿ. ಹಾಗೆಯೇ 'ಗೊತ್ತಿಲ್ಲ', 'ಅನ್ವಯಿಸುವುದಿಲ್ಲ' ಎಂಬ ಉತ್ತರಗಳಿಗೂ ಸಂಖ್ಯೆಯ ಕೋಡ್ ಇರುತ್ತದೆ. ಸರಾಸರಿ ತೆಗೆಯುವ ಮುನ್ನ ಅವನ್ನು ಬೇರೆ ಮಾಡಬೇಕು.

ವರ್ಷಗಳನ್ನು ಹೋಲಿಸುವಾಗ

ಆರು ಸುತ್ತು ಇವೆಯೆಂದು 1980ರಿಂದ 2011ರವರೆಗೆ ಒಂದೇ ಗೆರೆ ಎಳೆಯುವ ಆಸೆ ಎಲ್ಲರಿಗೂ ಬರುತ್ತದೆ. ತಡೆಯಿರಿ. ಮೊದಲ ಮೂರು ಸುತ್ತುಗಳಲ್ಲಿ 25 ಅಥವಾ ಹೆಚ್ಚು ನೌಕರರಿರುವ ಸ್ಥಳಗಳು ಮಾತ್ರ ಇದ್ದವು. 1998ರಲ್ಲಿ ಈ ಮಿತಿ 10ಕ್ಕೆ ಇಳಿಯಿತು, 2004ರಲ್ಲಿ 5ಕ್ಕೆ. ನೌಕರರ ಪ್ರಶ್ನಾವಳಿ ಸೇರಿದ್ದೇ 1998ರಲ್ಲಿ. 2004 ಮತ್ತು 2011ನ್ನು ಧೈರ್ಯವಾಗಿ ಪಕ್ಕಪಕ್ಕ ಇಡಬಹುದು. ಉದಾಹರಣೆಗೆ, 'ನನ್ನ ಕೆಲಸದಲ್ಲಿ ತುಂಬಾ ಕಷ್ಟಪಟ್ಟು ದುಡಿಯಬೇಕಾಗುತ್ತದೆ' ಎಂಬ ಮಾತಿಗೆ 'ಖಂಡಿತ ಹೌದು' ಅಂದವರು 2004ರಲ್ಲಿ 27%, 2011ರಲ್ಲಿ 34%. ನಡುವೆ 2008ರ ಆರ್ಥಿಕ ಹಿಂಜರಿತ ಬಂದುಹೋಗಿದೆ. 'ಹಾಗಾದರೆ ಹಿಂಜರಿತವೇ ಕಾರಣ' ಎಂದು ಯಾರಾದರೂ ಅಂದರೆ ಒಪ್ಪಿಬಿಡಬೇಡಿ. ಬೇರೆ ಏನೇನು ಬದಲಾಗಿರಬಹುದು ಎಂದು ಪಟ್ಟಿ ಮಾಡಿಸಿ. ಆ ಪಟ್ಟಿಯಲ್ಲಿ ಯಾವುದಕ್ಕೆ ಇದೇ ಡೇಟಾದಲ್ಲಿ ಪುರಾವೆ ಸಿಗುತ್ತದೆ ಎಂದು ಹುಡುಕಲು ಹೇಳಿ.

ಡೇಟಾ ಎಲ್ಲಿ ಸಿಗುತ್ತದೆ?

'ಯುಕೆ ಡೇಟಾ ಸರ್ವಿಸ್'ನಲ್ಲಿ ಹೆಸರು ನೋಂದಾಯಿಸಿ ಪಡೆಯಬಹುದು. ವಿದ್ಯಾರ್ಥಿಗಳಿಗೆ ಹಂಚುವ ಮುನ್ನ ಬಳಕೆಯ ಷರತ್ತುಗಳನ್ನು ಪೂರ್ತಿ ಓದಿಕೊಳ್ಳಿ. ಉತ್ತರ ಕೊಟ್ಟವರು ಯಾರೆಂದು ಪತ್ತೆ ಹಚ್ಚಲು ಹೋಗಬಾರದು. ಅವರು ನಂಬಿ ಮಾತಾಡಿದ್ದಾರೆ. ಈ ಮಾತನ್ನು ತರಗತಿಯಲ್ಲಿ ಬಾಯಿಬಿಟ್ಟೇ ಹೇಳಿ.

ಯಾರ ದನಿ ಇಲ್ಲ?

ಕೊನೆಯ ತರಗತಿಯನ್ನು ಇದಕ್ಕೇ ಇಡಿ. 2,680 ಸ್ಥಳಗಳಿದ್ದರೂ ಪ್ರತಿನಿಧಿಗಳ ಉತ್ತರ ಯಾಕೆ ಸುಮಾರು 1,000 ಮಾತ್ರ? ಬಹಳಷ್ಟು ಕಡೆ ನೌಕರರ ಪರವಾಗಿ ಮಾತಾಡುವ ಪ್ರತಿನಿಧಿಯೇ ಇಲ್ಲ. ದೊಡ್ಡ ಸ್ಥಳಗಳನ್ನು ಹೆಚ್ಚಾಗಿ ಆರಿಸಿದ ಮೇಲೂ ಹೀಗೆ! ಖಾಲಿ ಬಿದ್ದ ಆ ಕಾಲಂ ಕೂಡ ಉದ್ಯೋಗ ಸಂಬಂಧದ ಬಗ್ಗೆಯೇ ಹೇಳುತ್ತಿದೆ. ಇನ್ನೊಂದು ವಿಷಯ: ನೌಕರರ ಕೈಗೆ ಪ್ರಶ್ನಾವಳಿ ಹೋಗಿದ್ದು ಮ್ಯಾನೇಜರ್ ಒಪ್ಪಿದ ಕಡೆ ಮಾತ್ರ. ಒಪ್ಪದ ಕಡೆ ಉತ್ತರ ಹೇಗಿರುತ್ತಿತ್ತು? ಐದಕ್ಕಿಂತ ಕಡಿಮೆ ಜನರಿರುವ ಸ್ಥಳಗಳವರ ಕಥೆ ಏನು? ಈ ಪ್ರಶ್ನೆಗಳಲ್ಲಿ ಒಂದನ್ನು ಆರಿಸಿಕೊಂಡು ಎರಡು ಪುಟ ಬರೆಯಲು ಹೇಳಿ. ಒಂದು ಕೋಷ್ಟಕ, ಅದರ ವಿವರಣೆ, ಆ ಕೋಷ್ಟಕ ಹೇಳಲಾರದ ಒಂದು ವಿಷಯ, ಇಷ್ಟಿದ್ದರೆ ಸಾಕು. ಅಂಕ ಕೊಡುವಾಗ ಮೂರನೆಯದಕ್ಕೆ ಹೆಚ್ಚು ಇಡಿ.