ಹುಲಿಪಟ್ಟೆಯೊಳಗೆ ದೀಪ ಹೊತ್ತಿಸುವ ಬಗೆ

ಉಡುಪಿಯಲ್ಲಿ ಕೃಷ್ಣಾಷ್ಟಮಿಯ ಮರುದಿನದ ಹಬ್ಬವಾದ ವಿಟ್ಲಪಿಂಡಿಗೆ ಹುಲಿವೇಷ ಹಾಕುವ ಅಕ್ಕನ ಮಗನಿಗೆ ತೋಳಿನ ಕಪ್ಪು ಪಟ್ಟೆಯಲ್ಲಿ ಕೆಂಪು ಎಲ್‌ಇಡಿ ಬೇಕಿತ್ತು. ಟಿವಿ, ಮಿಕ್ಸಿ ರಿಪೇರಿ ಮಾಡುವವನು ನಾನು. ಸರ್ಕ್ಯೂಟ್ ಬೋರ್ಡಿಗೆ ಹಚ್ಚುವ, ಕರೆಂಟು ಹಾಯಿಸುವ ಬೆಳ್ಳಿ ಪೇಂಟನ್ನೇ ಅವನ ತೋಳಿಗೆ ಎಳೆದುಬಿಟ್ಟೆ. ದೀಪವೇನೋ ಹೊತ್ತಿತು. ಅರ್ಧ ಗಂಟೆಯೊಳಗೆ ಚರ್ಮ ಕೆಂಪಾಗಿ ತುರಿಸತೊಡಗಿತು. ಬಣ್ಣ ಹಚ್ಚಲು ಬೆಳಿಗ್ಗೆಯಷ್ಟೇ ಮೈಕೂದಲು ಬೋಳಿಸಿದ್ದ. ಬ್ಲೇಡು ತಾಗಿದ ಚರ್ಮಕ್ಕೆ ಪೇಂಟಿನ ದ್ರಾವಕ ಇಳಿದಿತ್ತು. ಆ ತಪ್ಪು ನನ್ನದು, ನೀವು ಮಾಡಬೇಡಿ.

ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನ ವಿದ್ಯಾರ್ಥಿಗಳು 2009ರಲ್ಲಿ ಮೈಗೆ ಹಚ್ಚುವ, ಕರೆಂಟು ಹಾಯಿಸುವ ಕಾರ್ಬನ್ ಶಾಯಿ ಮಾಡಿದ್ದರು. ಅದೇ ಬಳಗದಿಂದ ಬಂದ, ಕರೆಂಟು ಹಾಯಿಸುವ ‘ಎಲೆಕ್ಟ್ರಿಕ್ ಪೇಂಟ್’ ಎಂಬ ಬಣ್ಣ ಚರ್ಮಕ್ಕಲ್ಲ, ಕಾಗದ-ಗೋಡೆಗೆ. ಹಾಗಾಗಿ ಈಗ ನಾನು ಶಾಯಿಯನ್ನು ಮೈಗೆ ತಾಗಿಸುವುದೇ ಇಲ್ಲ, ಮೆಡಿಕಲ್ ಶಾಪಿನ ಮೈಕ್ರೋಪೋರ್ ಟೇಪಿನ ಮೇಲೆ ಬರೆಯುತ್ತೇನೆ. ಹಿಂದಿನ ದಿನವೇ ಒಂದು ತುಂಡು ಟೇಪನ್ನು ಮುಂಗೈ ಒಳಬದಿಗೆ ಅಂಟಿಸಿ ನೋಡಿ. ತುರಿಕೆ ಬಂದರೆ ಅಲ್ಲಿಗೇ ಬಿಡಿ.

ಶಾಯಿಗೆ ಬೀಗಕ್ಕೆ ಹಾಕುವ ಗ್ರಾಫೈಟ್ ಹುಡಿ, ಗೋಂದು, ಬಿರುಕು ಬಿಡದಿರಲು ಎರಡು ಹನಿ ಗ್ಲಿಸರಿನ್. ಮೂಗಿಗೆ ಮಾಸ್ಕ್ ಕಟ್ಟಿಕೊಂಡೇ ಕಲಸಿ. ಗೋಂದು ಹೆಚ್ಚಾದರೆ ಹುಡಿಯ ಕಣಗಳು ಒಂದಕ್ಕೊಂದು ತಾಗುವುದಿಲ್ಲ, ಕರೆಂಟಿಗೆ ದಾರಿಯಿಲ್ಲ. ಕಾಡಿಗೆಯಲ್ಲೂ ಇದೇ ತೊಂದರೆ: ಮಸಿಯ ಸುತ್ತ ಎಣ್ಣೆ ಉಂಟು.

ಮೇಣದ ಕಾಗದದ ಮೇಲೆ ಟೇಪು ಹಾಸಿ, ಬೆರಳಗಲದ ಎರಡು ಪಟ್ಟೆ ಎಳೆದು, ಒಣಗಿದ ಮೇಲೆ ಇನ್ನೊಂದು ಸಲ ಎಳೆಯಿರಿ. ಪಟ್ಟೆ ಉದ್ದವಾದಷ್ಟೂ ಕರೆಂಟಿಗೆ ತಡೆ ಹೆಚ್ಚು, ಅಗಲ-ದಪ್ಪ ಆದಷ್ಟೂ ಕಡಿಮೆ. 3 ವೋಲ್ಟಿನ ಬಟನ್ ಸೆಲ್‌ನಲ್ಲಿ ಸುಮಾರು 2 ವೋಲ್ಟು ಎಲ್‌ಇಡಿಗೇ ಹೋಗುತ್ತದೆ. ಎರಡೂ ಪಟ್ಟೆ ಸೇರಿ ತಡೆ 1000 ಓಮ್ ಇದ್ದರೆ ಉಳಿದ 1 ವೋಲ್ಟಿಗೆ ಹರಿಯುವುದು 1 ಮಿಲಿಆಂಪಿಯರ್. ರಾತ್ರಿಗೆ ಅದು ಸಾಕು. ಮಲ್ಟಿಮೀಟರಿನಲ್ಲಿ ಅಳೆದೇ ಮುಂದೆ ಹೋಗಿ.

ಮೊಣಕೈ ಮಡಿಕೆ ದಾಟಿಸಬೇಡಿ ಮಾರಾಯ್ರೆ, ಎರಡು ಹೆಜ್ಜೆ ಕುಣಿದರೆ ಪಟ್ಟೆ ಒಡೆಯುತ್ತದೆ. ಬೆವರಿನ ಉಪ್ಪುನೀರೂ ಕರೆಂಟು ಹಾಯಿಸುತ್ತದೆ, ಅದಕ್ಕೇ ಪಟ್ಟೆಗಳ ನಡುವೆ ಎರಡು ಬೆರಳು ಅಂತರ, ಮೇಲೆ ಇನ್ನೊಂದು ಟೇಪು. ಪಟ್ಟೆಗಳ ಒಂದು ತುದಿಗೆ ಎಲ್‌ಇಡಿಯ ಒಂದೊಂದು ಕಾಲು, ಇನ್ನೊಂದು ತುದಿಗೆ ಸೆಲ್ಲಿನ ಒಂದೊಂದು ಬದಿ ತಾಗಬೇಕು; ಎಲ್‌ಇಡಿಯ ಉದ್ದ ಕಾಲು ಪ್ಲಸ್. ಸೆಲ್ಲಿನ ಲೋಹ ಒದ್ದೆ ಚರ್ಮಕ್ಕೆ ತಾಗಿದರೆ ಸುಡಬಹುದು, ಬಟ್ಟೆ ಸುತ್ತಿ. ಚಾರ್ಜರ್, ಅಡಾಪ್ಟರ್ ಯಾವುದನ್ನೂ ಮೈಗೆ ಜೋಡಿಸಲೇಬಾರದು. ಪೇಸ್‌ಮೇಕರ್ ಇದ್ದವರಿಗೆ ಈ ಕೆಲಸ ಬೇಡವೇ ಬೇಡ.

ವೇಷ ಕಳಚುವಾಗ ಮೊದಲು ಸೆಲ್ ತೆಗೆದು ಡಬ್ಬಿಗೆ ಹಾಕಿ. ಮಗು ನುಂಗಿದರೆ ಗಂಟಲು ಸುಡುತ್ತದೆ. ಆಮೇಲೆ ಟೇಪಿನ ಅಂಚಿಗೆ ತೆಂಗಿನೆಣ್ಣೆ ಸವರಿ, ನಿಧಾನ ಬಿಡಿಸಿ.